ಅಮ್ಮನ ಮರೆವು ಮತ್ತು ಮೊರದ ತುಂಬ ಮಾತ್ರೆ

ಹೋದ ವಾರ ಅಮ್ಮನನ್ನು ಮೂರನೇ ಸಲ ಬೆಂಗಳೂರಿನ ಮೆಮೊರಿ ಕ್ಲಿನಿಕ್‌ಗೆ ತೋರಿಸಿಕೊಂಡು ಬಂದೆವು. ಆರು ತಿಂಗಳ ಓಡಾಟ ಸದ್ಯಕ್ಕೆ ಒಂದು ದಡ ಸೇರಿದೆ. ಶುಗರ್ ಮಾತ್ರೆಗೂ ಮರೆವಿಗೂ ಸಂಬಂಧ ಇರಬಹುದು ಅಂತ ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ನಮಗೆ ಒಂದು ವರ್ಷ ಉಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಶುಗರ್ ಇದ್ದು, ಮರೆವೂ ಶುರುವಾಗಿರುವ ಹಿರಿಯರು ಇದ್ದರೆ ಇದನ್ನು ಪೂರ್ತಿ ಓದಿ. ನಾನು ಡಾಕ್ಟರ್ ಅಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೇ.

ಅಮ್ಮನಿಗೆ 74 ವರ್ಷ. ಪ್ರೈಮರಿ ಶಾಲೆಯಲ್ಲಿ 31 ವರ್ಷ ಮೇಷ್ಟ್ರಾಗಿದ್ದವರು. ತಿಪಟೂರಿನಲ್ಲಿ ಅಣ್ಣ, ಅತ್ತಿಗೆ ಜೊತೆ ಇದ್ದಾರೆ. ನಾನು ಬೆಂಗಳೂರಿನಲ್ಲಿದ್ದೇನೆ. ಅವರಿಗೆ ಶುಗರ್ ಬಂದು 16 ವರ್ಷ ಆಯಿತು. ಎರಡು ವರ್ಷದ ಹಿಂದೆ ಸಣ್ಣಗೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಕೇಳಿದ್ದನ್ನೇ ಹತ್ತು ನಿಮಿಷ ಬಿಟ್ಟು ಮತ್ತೆ ಕೇಳುವುದು. 2025ರ ಬೇಸಿಗೆಯಲ್ಲಿ ಒಂದು ದಿನ ದೇವಸ್ಥಾನದಿಂದ ಮನೆಗೆ ಬರುವ ದಾರಿಯೇ ತಪ್ಪಿತು. ದಿನಾ ಓಡಾಡುವ ರಸ್ತೆ ಅದು.

ಅಲ್ಲಿಯ ಡಾಕ್ಟರಿಗೆ ಹೇಳಿದೆವು. "ವಯಸ್ಸಾಯ್ತಲ್ಲ, ಇದ್ದದ್ದೇ. ಶುಗರ್ ನೋಡಿ, ಎಷ್ಟು ಚೆನ್ನಾಗಿದೆ" ಅಂದರು. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.1 ಇತ್ತು. ನಮಗೂ ಖುಷಿಯೇ. ಅಣ್ಣ ಆ ರಿಪೋರ್ಟನ್ನು ಎಲ್ಲರಿಗೂ ತೋರಿಸಿದ್ದ. ಆ 6.1ರಲ್ಲೇ ತೊಂದರೆ ಅಡಗಿತ್ತು ಅಂತ ನಮಗೆ ಗೊತ್ತಾಗಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು.

ಮೊದಲು ಗಮನಿಸಿದ್ದು ಅತ್ತಿಗೆ. "ನೋಡು, ಅತ್ತೆ ದಿನವಿಡೀ ಒಂದೇ ತರ ಇರಲ್ಲ. ಊಟ ಆದ್ಮೇಲೆ ಸರಿಯಾಗೇ ಮಾತಾಡ್ತಾರೆ. ಊಟ ತಡ ಆಯ್ತು ಅಂದ್ರೆ ಬೇರೆಯವರೇ ಆಗ್ಬಿಡ್ತಾರೆ" ಅಂದಿದ್ದರು. ಫೋನಿನಲ್ಲಿ ಕೇಳಿ ಹೂಂ ಅಂದು ಬಿಟ್ಟಿದ್ದೆ. ಇನ್ನೊಂದು ಮಾತನ್ನೂ ಹೇಳಿದ್ದರು. ಬೆಳಗಿನ ಜಾವ ಮೂರು ಗಂಟೆಗೆ ಅಮ್ಮ ಎದ್ದು ಮನೆಯೆಲ್ಲ ತಿರುಗುತ್ತಾರೆ, ಸೆರಗೆಲ್ಲ ಬೆವರಿನಲ್ಲಿ ಒದ್ದೆಯಾಗಿರುತ್ತದೆ, ಬಾಗಿಲು ತೆಗಿ ಅಂತ ಗದರುತ್ತಾರೆ ಅಂತ. ಮರೆವಿನ ಕಾಯಿಲೆಯವರು ರಾತ್ರಿ ಹಾಗೆ ಓಡಾಡುತ್ತಾರೆ ಅಂತ ಎಲ್ಲೋ ಓದಿದ್ದೆ. ಅದೇ ಇರಬೇಕು ಅಂದುಕೊಂಡೆ. ಬೆವರಿನ ಬಗ್ಗೆ ಯೋಚನೆ ಮಾಡಲೇ ಇಲ್ಲ.

ಆಗಸ್ಟ್ 12, ಮಂಗಳವಾರ. ಅಂಗಾರಕ ಸಂಕಷ್ಟಿ. ಅಮ್ಮ ನಲವತ್ತು ವರ್ಷದಿಂದ ಆ ಉಪವಾಸ ತಪ್ಪಿಸಿದವರಲ್ಲ. ಬೆಳಿಗ್ಗೆ ಕಾಫಿ ಕುಡಿದು ಎಂದಿನಂತೆ ಶುಗರ್ ಮಾತ್ರೆ ತೆಗೆದುಕೊಂಡರು. ಆಮೇಲೆ ಏನೂ ತಿನ್ನಲಿಲ್ಲ. ಚಂದ್ರ ಮೂಡಿದ ಮೇಲೇ ಊಟ. ಸಂಜೆ ಆರಕ್ಕೆ ದೇವರ ಮನೆಯಲ್ಲಿ ಕೂತವರು ಅತ್ತಿಗೆಯನ್ನು ನೋಡಿ "ನೀವ್ಯಾರು?" ಅಂದರಂತೆ. ಮಾತು ತೊದಲಿತು. ಕೈ ತಣ್ಣಗೆ, ಹಣೆ ತುಂಬ ಬೆವರು. ಪಕ್ಕದ ಮನೆಯವರ ಗ್ಲೂಕೋಮೀಟರ್ ತಂದು ನೋಡಿದರೆ 41. ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಲೋ ಅನ್ನುತ್ತಾರೆ. 54ಕ್ಕಿಂತ ಕೆಳಗೆ ಹೋದರೆ ಅದು ಅಪಾಯ.

ಅಮ್ಮ ಇನ್ನೂ ನುಂಗುವ ಸ್ಥಿತಿಯಲ್ಲಿದ್ದರು, ನಮ್ಮ ಪುಣ್ಯ. ಅತ್ತಿಗೆ ಮೂರು ಚಮಚ ಸಕ್ಕರೆ ಕಲಸಿದ ನೀರನ್ನು ನಿಧಾನವಾಗಿ ಕುಡಿಸಿದರು. ಕಾಲು ಗಂಟೆ ಬಿಟ್ಟು ನೋಡಿದಾಗ 78. (ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಹೋಗಿ.) ಸುಧಾರಿಸಿತು ಅಂತ ಅಣ್ಣ ಆಸ್ಪತ್ರೆ ಬೇಡ ಅಂದಿದ್ದ. ಅತ್ತಿಗೆ ಹಟ ಹಿಡಿದು ಆಟೋ ಹತ್ತಿಸಿದರು. ಅವರು ಹಟ ಹಿಡಿದದ್ದು ಒಳ್ಳೆಯದೇ ಆಯಿತು. ಗ್ಲೂಕೋಸ್ ಡ್ರಿಪ್ ಹಾಕಿದ್ದರೂ ರಾತ್ರಿ ಎರಡು ಗಂಟೆಗೆ ಮತ್ತೆ 50ಕ್ಕೆ ಇಳಿಯಿತು.

ನಾನು ಬೆಳಗಿನ ರೈಲು ಹಿಡಿದು ಹೋದೆ. ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ಅಮ್ಮನ ಮಾತ್ರೆ ಶೀಟನ್ನು ಬೆಳಕಿಗೆ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿದರು. ನಾವು ಒಂದೇ ಮಾತ್ರೆ ಅಂದುಕೊಂಡಿದ್ದರಲ್ಲಿ ಎರಡು ಔಷಧ ಇದ್ದವು. ಮೆಟ್‌ಫಾರ್ಮಿನ್ ಒಂದು, ಗ್ಲಿಮೆಪಿರೈಡ್ ಇನ್ನೊಂದು. ಮೆಟ್‌ಫಾರ್ಮಿನ್ ಒಂದೇ ಆದರೆ ಸಾಮಾನ್ಯವಾಗಿ ಶುಗರ್ ಲೋ ಮಾಡುವುದಿಲ್ಲ. ಗ್ಲಿಮೆಪಿರೈಡ್ ಹಾಗಲ್ಲ. ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಕಿಡ್ನಿ ಶಕ್ತಿ ಕಡಿಮೆಯಾಗಿದ್ದರೆ, ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಒಂದು ಸಲ ಸಕ್ಕರೆ ಕುಡಿಸಿ ಸುಮ್ಮನಾಗಬಾರದು ಅನ್ನುವುದು ಇದಕ್ಕೇ. ಎರಡು ದಿನದ ಆಸ್ಪತ್ರೆ ಬಿಲ್ 14,600 ರೂಪಾಯಿ.

ಈಗಲೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಮಾತ್ರೆ ಶೀಟನ್ನು ತಿರುಗಿಸಿ ಓದಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಈ ಹೆಸರು ಇದ್ದರೆ ಹಿರಿಯರು ಊಟ ಬಿಡುವ ದಿನ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರೂ ಅಷ್ಟೇ.

ಮನೆಗೆ ಬಂದ ಮೇಲೆ ಲೆಕ್ಕ ಹಾಕಲು ಕೂತೆ. ಔಷಧಿ ಅಂಗಡಿ ಬಿಲ್ ಪ್ರಕಾರ ತಿಂಗಳಿಗೆ 60 ಮಾತ್ರೆ ಖರ್ಚಾಗಬೇಕು. 74 ಖಾಲಿಯಾಗಿದ್ದವು. ಅಮ್ಮನ ದಿಂಬಿನ ಕೆಳಗೆ, ಹಳೆಯ ಕನ್ನಡಕದ ಡಬ್ಬಿಯಲ್ಲಿ, ಒಂದೊಂದು ಮಾತ್ರೆ ಉಳಿದ ಹರಿದ ಶೀಟಿನ ತುಂಡುಗಳು ಸಿಕ್ಕವು. ತೆಗೆದುಕೊಂಡದ್ದು ಮರೆತು ಮತ್ತೆ ತೆಗೆದುಕೊಳ್ಳುತ್ತಿದ್ದರು. ಮರೆವಿನಿಂದ ಎರಡು ಮಾತ್ರೆ, ಎರಡು ಮಾತ್ರೆಯಿಂದ ಲೋ, ಲೋ ಆದಾಗ ಇನ್ನಷ್ಟು ಮರೆವು. ಅವತ್ತು ನಾನು ಅಡುಗೆ ಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಣ್ಣನಿಗೆ ನಾನು ಅವನನ್ನೇ ದೂರುತ್ತಿದ್ದೇನೆ ಅನ್ನಿಸಿತು. ಎರಡು ದಿನ ಮಾತು ಬಿಟ್ಟ. ಇಂಥದ್ದು ನಿಮ್ಮ ಮನೆಯಲ್ಲೂ ಆಗಬಹುದು. ನೋಡಿಕೊಳ್ಳುವವರನ್ನು ನೋಯಿಸದೆ ಮಾತಾಡಿ. ನನಗೆ ಆಗ ಆ ಬುದ್ಧಿ ಬರಲಿಲ್ಲ.

ಮೆಮೊರಿ ಕ್ಲಿನಿಕ್ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಐದು ವಾರದ ನಂತರ. ಅಷ್ಟರಲ್ಲಿ ಶುಗರ್ ಡಾಕ್ಟರನ್ನು ಬದಲಾಯಿಸಿದೆವು. ಹೊಸ ಡಾಕ್ಟರ್ ಮೊದಲ ದಿನವೇ ರಾತ್ರಿಯ ಗ್ಲಿಮೆಪಿರೈಡ್ ನಿಲ್ಲಿಸಿದರು, ಬೆಳಗಿನದನ್ನು ಅರ್ಧ ಮಾಡಿದರು. ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಹಾಕಿಸಲು ಹೇಳಿದರು. ಬಿಲ್ಲೆಯ ಗಾತ್ರದ್ದು. 14 ದಿನ ಹಗಲೂ ರಾತ್ರಿ ಶುಗರ್ ಬರೆದಿಡುತ್ತದೆ. ನಮಗೆ ಸುಮಾರು ಐದು ಸಾವಿರ ಬಿತ್ತು. ಮೂರನೇ ದಿನ ಅಮ್ಮ ಅದನ್ನು ಕಿತ್ತು ಸಿಂಕಿನ ಪಕ್ಕ ಇಟ್ಟಿದ್ದರು. ಇನ್ನೊಂದು ಐದು ಸಾವಿರ. ಎರಡನೇ ಸಲ ತೋಳಿನ ಹಿಂಭಾಗಕ್ಕೆ ಹಾಕಿಸಿ, ಮೇಲೆ ಬಟ್ಟೆ ಪಟ್ಟಿ ಸುತ್ತಿ, ಉದ್ದ ತೋಳಿನ ರವಿಕೆ ಹಾಕಿದೆವು. ಉಳಿಯಿತು.

ಮಾತ್ರೆ ಕಡಿಮೆ ಮಾಡಿದ ಮೇಲೂ ಗ್ರಾಫಿನಲ್ಲಿ ಎರಡು ಸಲ ಬೆಳಗಿನ ಜಾವ 60ರ ಹತ್ತಿರ ಇಳಿದಿತ್ತು. ಹಾಗಾದರೆ ಮೊದಲು, ಪೂರ್ತಿ ಮಾತ್ರೆ ಇದ್ದಾಗ, ಕೆಲವೊಮ್ಮೆ ಎರಡೆರಡು ನುಂಗಿದಾಗ, ಎಷ್ಟು ರಾತ್ರಿ ಎಷ್ಟಕ್ಕೆ ಇಳಿದಿತ್ತೋ. ಗ್ರಾಫ್ ನೋಡಿದ ಡಾಕ್ಟರ್ ಗ್ಲಿಮೆಪಿರೈಡನ್ನು ಪೂರ್ತಿ ತೆಗೆದರು. ಅದರ ಜಾಗಕ್ಕೆ ಲಿನಾಗ್ಲಿಪ್ಟಿನ್ ಬಂತು. ಅದರಿಂದ ಲೋ ಆಗುವುದು ಬಹಳ ಅಪರೂಪ. ಕಿಡ್ನಿ ಸ್ವಲ್ಪ ಸೋತವರಿಗೂ ಡೋಸ್ ಬದಲಾಯಿಸಬೇಕಿಲ್ಲ. ಅಂದಿನಿಂದ ಮೂರು ಗಂಟೆಯ ಓಡಾಟ ನಿಂತಿತು. ವಾರಕ್ಕೆ ನಾಲ್ಕೈದು ಸಲ ಆಗುತ್ತಿದ್ದದ್ದು, ಈಗ ತಿಂಗಳಿಗೊಮ್ಮೆಯೂ ಇಲ್ಲ.

ಸೆಪ್ಟೆಂಬರ್ ಮೂರನೇ ವಾರ ಕ್ಲಿನಿಕ್‌ಗೆ ಹೋದೆವು. ಅಲ್ಲಿ ಎಲ್ಲ ಮಾತ್ರೆಗಳನ್ನೂ ತನ್ನಿ ಅಂದಿದ್ದರು. ಚೀಟಿ ಸಾಲದು, ಮಾತ್ರೆಯೇ ಬೇಕು. ಹಿಂದಿನ ರಾತ್ರಿ ಅತ್ತಿಗೆ ಬೀರು, ಫ್ರಿಜ್ಜಿನ ಮೇಲೆ, ದೇವರ ಮನೆಯ ಗೂಡು, ಎಲ್ಲ ಕಡೆಯಿಂದ ಬಾಚಿ ಮೊರಕ್ಕೆ ಸುರಿದಿದ್ದರು. 23 ಶೀಟು. ನಾಲ್ಕು ಬೇರೆ ಬೇರೆ ಡಾಕ್ಟರ್ ಬರೆದವು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇದರ ಜೊತೆ ಆಧಾರ್ ಕಾರ್ಡು, ಹಳೆಯ ಚೀಟಿಗಳು, ಆಸ್ಪತ್ರೆ ಡಿಸ್ಚಾರ್ಜ್ ಕಾಗದ, ಒಂದು ವರ್ಷದ ರಕ್ತ ಪರೀಕ್ಷೆ, ಕನ್ನಡಕ ಒಯ್ಯಿರಿ. ಕಿವಿ ಮಂದವಾಗಿದ್ದರೆ ಕಿವಿಯ ಮಿಷನ್ ಮರೆಯಬೇಡಿ. ತಿಂಡಿ, ನೀರು, ಒಂದು ಹಿಡಿ ಸಕ್ಕರೆ ಕೂಡ. ನಾವು ಎಂಟಕ್ಕೆ ಹೋದವರು ಹೊರಬಂದದ್ದು ಮಧ್ಯಾಹ್ನ ಮೂರೂವರೆಗೆ.

ಒಳಗೆ ಮೊದಲು ಅಮ್ಮನೊಬ್ಬರನ್ನೇ ಕೂರಿಸಿ ಪರೀಕ್ಷೆ ಮಾಡಿದರು. ಎಲ್ಲ ಕನ್ನಡದಲ್ಲೇ. ಎಷ್ಟನೇ ಇಸವಿ, ಯಾವ ತಿಂಗಳು, ಕೆಲವು ಪದ ನೆನಪಿಟ್ಟು ಹೇಳುವುದು, ಲೆಕ್ಕ. ನನ್ನನ್ನು ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಆಗ ಗಡಿಯಾರ ಬರೆಸುತ್ತಿದ್ದರು. ಐದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ಸಾವಿರಾರು ಮಕ್ಕಳಿಗೆ ಗಡಿಯಾರ ನೋಡಲು ಕಲಿಸಿದವರು ನಮ್ಮಮ್ಮ. ವೃತ್ತ ದುಂಡಗೆ ಚೆನ್ನಾಗಿ ಬಂತು. ಅಂಕಿಗಳೆಲ್ಲ ಬಲಗಡೆಯಲ್ಲೇ ಒಂದರ ಮೇಲೊಂದು ಕೂತವು. ಎಡಗಡೆ ಖಾಲಿ. ಮುಳ್ಳು ಇಲ್ಲವೇ ಇಲ್ಲ. ಅಮ್ಮ ಪೆನ್ಸಿಲ್ ಇಟ್ಟು, ಹಾಳೆಯನ್ನು ಮುಂದೆ ತಳ್ಳಿ, "ಸರಿಯಾಗಿದೆ" ಅಂದರು. ನನಗೆ ತಲೆ ಎತ್ತಿ ನೋಡಲು ಆಗಲಿಲ್ಲ.

ಮೂವತ್ತಕ್ಕೆ 17. ಡಾಕ್ಟರಮ್ಮ ನಮ್ಮ ಮುಖ ನೋಡಿ ಹೇಳಿದರು, "ಈ ಅಂಕ ಇಟ್ಕೊಂಡು ಇವತ್ತು ಏನೂ ತೀರ್ಮಾನ ಮಾಡೋದು ಬೇಡ. ಮೊನ್ನೆ ತಾನೇ ಅಷ್ಟು ಜೋರಾಗಿ ಲೋ ಆಗಿದೆ. ಮೊದಲು ಮಾತ್ರೆ ಸರಿ ಮಾಡೋಣ." ಆಮೇಲೆ ಚೀಲ ತೆಗೆಸಿದರು. 23 ಶೀಟನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದೊಂದೇ ಎತ್ತಿ ಇದು ಯಾಕೆ, ಯಾರು ಕೊಟ್ಟರು, ಯಾವಾಗಿಂದ ಅಂತ ಕೇಳಿದರು. ಯಾವ ಡಾಕ್ಟರೂ ನಮಗೆ ಅಷ್ಟು ಹೊತ್ತು ಕೊಟ್ಟಿರಲಿಲ್ಲ.

ಅಲ್ಲಿ ಇನ್ನೊಂದು ಸರಪಳಿ ಹೊರಬಂತು. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಮೈಗೆ ಹತ್ತುವುದು ಕಡಿಮೆಯಾಗಬಹುದು. ನಮ್ಮದು ಸಸ್ಯಾಹಾರ, ಹಾಗಾಗಿ ಬಿ12 ಮೊದಲೇ ಕಮ್ಮಿ. ಬಿ12 ಇಳಿದರೆ ಪಾದ ಜುಮ್ಮೆನ್ನುತ್ತದೆ, ಉರಿಯುತ್ತದೆ, ಮರೆವೂ ಬರುತ್ತದೆ. ಅಮ್ಮನಿಗೆ ಮೂರು ವರ್ಷದಿಂದ ಪಾದ ಉರಿ ಇತ್ತು. ಅದು ಶುಗರಿನದ್ದೇ ಅಂತ ಒಬ್ಬರು ರಾತ್ರಿಗೆ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರು. ಆ ಮಾತ್ರೆ ಉರಿಗೆ ಒಳ್ಳೆಯದೇ. ಆದರೆ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸವನ್ನು ಅದು ತಡೆಯುತ್ತದೆ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಅದೇ ರಾಸಾಯನಿಕವನ್ನು ಉಳಿಸುತ್ತದೆ. ಎರಡನ್ನೂ ಜೊತೆಗೆ ಕೊಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಅಂದರೆ ಒಂದು ಮಾತ್ರೆಯಿಂದ ಬಿ12 ಇಳಿದು, ಅದರಿಂದ ಉರಿ ಬಂದು, ಉರಿಗೆ ಕೊಟ್ಟ ಮಾತ್ರೆಯಿಂದ ಮಂಕು ಹೆಚ್ಚಿರಬಹುದು. ಎಷ್ಟು ಪಾಲು ಯಾವುದರಿಂದ ಅಂತ ಬಿಡಿಸಿ ಹೇಳಲು ಆಗುವುದಿಲ್ಲ ಅಂದರು ಡಾಕ್ಟರಮ್ಮ. ಬಿ12 ನೋಡಿಸಿದೆವು, 900 ರೂಪಾಯಿ. ಬಂದದ್ದು 142. ಇನ್ನೂರಕ್ಕಿಂತ ಕೆಳಗಿದ್ದರೆ ಕೊರತೆ. ಹದಿನಾರು ವರ್ಷದಲ್ಲಿ ಒಂದು ಸಲವೂ ಯಾರೂ ಅದನ್ನು ಬರೆದಿರಲಿಲ್ಲ, ನಾವೂ ಕೇಳಿರಲಿಲ್ಲ. ಥೈರಾಯ್ಡ್, ಸೋಡಿಯಂ, ಕಿಡ್ನಿ ಪರೀಕ್ಷೆಯನ್ನೂ ಮಾಡಿಸಿದರು. ಮರೆವು ಅಂತ ಹೋದವರು ಇವನ್ನು ಮಾಡಿಸದೆ ಬರಬೇಡಿ.

ಎಂಆರ್‌ಐ ದಿನ ನಾವು ಎಣಿಸದೇ ಇದ್ದದ್ದು ಆಯಿತು. ಮೈಮೇಲೆ ಲೋಹ ಇರಬಾರದು ಅಂದರು. ಬಳೆ ತೆಗೆದೆವು. ಮೂಗುಬೊಟ್ಟಿನ ತಿರುಪು ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಮದುವೆಯಲ್ಲಿ ಹಾಕಿದ್ದು, ಐವತ್ತು ವರ್ಷವಾಗಿತ್ತು. ನಮ್ಮ ಸರದಿ ಹೋಯಿತು. ಅಕ್ಕಸಾಲಿಗರ ಅಂಗಡಿ ಹುಡುಕಿ, ಎಣ್ಣೆ ಬಿಟ್ಟು ಬಿಚ್ಚಿಸಿ, ಮಾರನೇ ದಿನ ಮತ್ತೆ ಹೋದೆವು. ಮೂಗುಬೊಟ್ಟು ಇಲ್ಲದ ಮುಖವನ್ನು ಕನ್ನಡಿಯಲ್ಲಿ ನೋಡಿ ಅಮ್ಮ ಅಂಜಿಬಿಟ್ಟರು. ನಿಮ್ಮ ಮನೆಯಲ್ಲೂ ಹಳೆಯ ಮೂಗುಬೊಟ್ಟು, ಕಾಲುಂಗುರ ಇದ್ದರೆ ಒಂದು ವಾರ ಮೊದಲೇ ನೋಡಿಕೊಳ್ಳಿ. ಸ್ಕ್ಯಾನಿಗೆ 7,500 ಆಯಿತು. ನೆನಪಿನ ಭಾಗ ಸ್ವಲ್ಪ ಕುಗ್ಗಿತ್ತು. ಸಣ್ಣ ರಕ್ತನಾಳಗಳಲ್ಲೂ ಹಾನಿ ಕಂಡಿತು. ಅಂದರೆ ಮರೆವಿನ ಕಾಯಿಲೆ ನಿಜವಾಗಿಯೂ ಇತ್ತು. ಎಲ್ಲ ಮಾತ್ರೆಯದ್ದೇ ಆಟ ಅಂತ ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಕ್ಟೋಬರ್, ನವೆಂಬರ್ ಎರಡು ತಿಂಗಳೂ ಮಾತ್ರೆ ಬದಲಾವಣೆಯಲ್ಲೇ ಕಳೆಯಿತು. ಬಿ12 ಇಂಜೆಕ್ಷನ್ ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಹತ್ತಿರದ ನರ್ಸಮ್ಮ ಮನೆಗೇ ಬಂದು ಹಾಕುತ್ತಾರೆ. ಅಮಿಟ್ರಿಪ್ಟಿಲಿನನ್ನು ಒಮ್ಮೆಗೇ ನಿಲ್ಲಿಸಲಿಲ್ಲ, ನಾಲ್ಕು ವಾರದಲ್ಲಿ ಇಳಿಸಿದರು. ಮೆಟ್‌ಫಾರ್ಮಿನ್ ಮುಂದುವರಿಯಿತು. ಇದನ್ನು ಒತ್ತಿ ಹೇಳಬೇಕು. ನನ್ನ ಚಿಕ್ಕಮ್ಮ ನಮ್ಮ ಕಥೆ ಕೇಳಿ ತಮ್ಮ ಮೆಟ್‌ಫಾರ್ಮಿನ್ ತಾವೇ ಬಿಟ್ಟುಬಿಟ್ಟರು, ಶುಗರ್ 300 ದಾಟಿತು. ಶುಗರ್ ವಿಪರೀತ ಏರಿದರೂ ತಲೆ ಮಂಕಾಗುತ್ತದೆ, ವರ್ಷಗಟ್ಟಲೆ ಏರಿದ್ದರೆ ಮೆದುಳಿನ ರಕ್ತನಾಳ ಕೆಡುತ್ತದೆ. ನಿಲ್ಲಿಸಬೇಡಿ, ಬಿ12 ನೋಡಿಸಿ.

ಅಮ್ಮನ ಶುಗರ್ ಈಗ ಊಟದ ನಂತರ 180, 200 ತೋರಿಸತೊಡಗಿತು. ಅಣ್ಣನಿಗೆ ಗಾಬರಿ. "ಇಷ್ಟು ವರ್ಷ ಕಷ್ಟಪಟ್ಟು ಹಿಡಿತಕ್ಕೆ ತಂದಿದ್ದೆ, ಎಲ್ಲಾ ಬಿಟ್ಬಿಟ್ರಲ್ಲ" ಅಂದ. ಡಾಕ್ಟರಮ್ಮ ಅವನಿಗೆ ಫೋನಿನಲ್ಲೇ ವಿವರಿಸಿದರು. ಆರೋಗ್ಯವಾಗಿರುವ ನಲವತ್ತರವರಿಗೆ ಇಡುವ ಗುರಿ ಬೇರೆ, ನೆನಪು ಕುಂದಿದ 74ರವರಿಗೆ ಬೇರೆ. ಇಂಥವರಿಗೆ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು ಅನ್ನುತ್ತದೆ ಅಮೆರಿಕದ ಡಯಾಬಿಟಿಸ್ ಸಂಘದ ಸೂಚನೆ. ಲೋ ಆಗುವ ಮಾತ್ರೆ ತೆಗೆದುಕೊಳ್ಳುತ್ತಾ 6.1 ಇದ್ದರೆ ಅದು ಅಪಾಯದ ಗುರುತು. 2009ರಲ್ಲಿ ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಹಿರಿಯ ಶುಗರ್ ರೋಗಿಗಳ ಅಧ್ಯಯನ ಹೊರಬಂತಂತೆ. ಆಸ್ಪತ್ರೆ ಸೇರುವಷ್ಟು ಲೋ ಆದವರಲ್ಲಿ ಮುಂದೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಜಾಸ್ತಿ ಕಂಡಿತ್ತು. ಇಷ್ಟು ಕೇಳಿದ ಮೇಲೆ ಅಣ್ಣ ಸುಮ್ಮನಾದ. ಅಮ್ಮನ ಈಗಿನ ಸರಾಸರಿ 7.6. ಈಗ ಆ ಕಾಗದವನ್ನೂ ಅವನೇ ಜೋಪಾನವಾಗಿ ಇಟ್ಟಿದ್ದಾನೆ.

ಇದೇ ಹೊತ್ತಿಗೆ ಅಮೆರಿಕದಲ್ಲಿರುವ ಸೋದರಮಾವನ ಮಗ ಒಂದು ಸಂದೇಶ ಕಳಿಸಿದ. ತೂಕ ಇಳಿಸುವ ಹೊಸ ಶುಗರ್ ಔಷಧ ಸೆಮಾಗ್ಲುಟೈಡ್ ಮರೆವನ್ನೂ ತಡೆಯುತ್ತದೆ, ಅತ್ತೆಗೆ ಕೊಡಿಸಿ ಅಂತ. ಎರಡನೇ ಭೇಟಿಯಲ್ಲಿ ಕೇಳಿದೆ. ಆಲ್‌ಝೈಮರ್ಸ್ ಅನ್ನುವ ಮರೆವಿನ ಕಾಯಿಲೆಯ ಆರಂಭದಲ್ಲಿರುವ 3,800 ಜನರ ಮೇಲೆ ಎರಡು ದೊಡ್ಡ ಪರೀಕ್ಷೆ ನಡೆದು, 2025ರ ನವೆಂಬರಿನಲ್ಲಿ ಫಲ ಹೇಳಿದ್ದಾರೆ, ಕಾಯಿಲೆ ನಿಧಾನವಾಗಲಿಲ್ಲ ಅಂದರು. ಜೊತೆಗೆ ಅದು ಹಸಿವು ಕೊಲ್ಲುತ್ತದೆ. ನಮ್ಮಮ್ಮ ಇರುವುದೇ 44 ಕೆಜಿ. ಅಲ್ಲಿಗೆ ಆ ಮಾತು ಬಿಟ್ಟೆವು.

ಡಿಸೆಂಬರಿನಲ್ಲಿ ಇಸಿಜಿ ನೋಡಿ ಡೊನೆಪೆಜಿಲ್ 5 ಮಿಲಿಗ್ರಾಂ ಶುರು ಮಾಡಿದರು. ಮೊದಲ ಎರಡು ವಾರ ವಾಕರಿಕೆ, ಊಟ ಸೇರಲಿಲ್ಲ. ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಗ್ಲಿಮೆಪಿರೈಡ್ ಇರುವಾಗಲೇ ಇದನ್ನು ಕೊಟ್ಟಿದ್ದರೆ, ಊಟ ಬಿಟ್ಟು ಮತ್ತೆ ಲೋ ಆಗುತ್ತಿತ್ತು. ಅದಕ್ಕೇ ಡಾಕ್ಟರಮ್ಮ ಆ ಕ್ರಮ ಹಿಡಿದಿದ್ದರು. ಮೊದಲು ಶುಗರ್ ಮಾತ್ರೆ ಸರಿ, ಆಮೇಲೆ ನೆನಪಿನ ಮಾತ್ರೆ.

ಮಾತ್ರೆ ಕೊಡುವ ರೀತಿಯನ್ನೂ ಬದಲಾಯಿಸಿದೆವು. ವಾರದ ಡಬ್ಬಿ ತಂದೆವು, ಪ್ರಯೋಜನವಾಗಲಿಲ್ಲ. ಅಮ್ಮ ಸೋಮವಾರವೇ ಬುಧವಾರದ ಮುಚ್ಚಳ ತೆಗೆದಿದ್ದರು. ಈಗ ಎಲ್ಲ ಮಾತ್ರೆ ಬೀಗ ಹಾಕಿದ ಟ್ರಂಕಿನಲ್ಲಿವೆ. ತಟ್ಟೆ ಹಾಕಿದ ಮೇಲೆ ಅತ್ತಿಗೆ ಕೈಗೆ ಕೊಟ್ಟು, ನುಂಗಿದ್ದನ್ನು ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. 23 ಶೀಟು ಇದ್ದದ್ದು ಈಗ ಆರಾಗಿದೆ. ಸಂಕಷ್ಟಿಗೆ ಅಮ್ಮ ನಾಲ್ಕು ಗಂಟೆಗೆ ಅವಲಕ್ಕಿ ಮೊಸರು ತಿನ್ನುತ್ತಾರೆ. ಮೊದಲ ಸಲ ಒಪ್ಪಿಸುವುದು ಕಷ್ಟವಾಯಿತು. ಅರ್ಚಕರಿಂದಲೇ ಹೇಳಿಸಿದೆವು.

ಆಸ್ಪತ್ರೆ, ಸೆನ್ಸರ್, ಸ್ಕ್ಯಾನ್, ರಕ್ತ ಪರೀಕ್ಷೆ, ಓಡಾಟ ಎಲ್ಲ ಸೇರಿ 48 ಸಾವಿರದ ಹತ್ತಿರ ಖರ್ಚಾಯಿತು. ತಿಂಗಳ ಮಾತ್ರೆ ಖರ್ಚು ಮಾತ್ರ ಮೊದಲಿಗಿಂತ ಕಡಿಮೆ. ಕೆಲವನ್ನು ಜನೌಷಧಿ ಅಂಗಡಿಯಲ್ಲೇ ತರುತ್ತೇವೆ. ಬೆಂಗಳೂರಿಗೆ ಬರುವುದು ಕಷ್ಟ ಅನ್ನುವವರು ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ಜಿಲ್ಲೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ನಡೆಸುತ್ತಿವೆ. ನಮಗೆ ಅದು ತಡವಾಗಿ ಗೊತ್ತಾಯಿತು.

ಹೋದ ವಾರದ ಪರೀಕ್ಷೆಯಲ್ಲಿ ಅಮ್ಮನಿಗೆ ಮೂವತ್ತಕ್ಕೆ 22 ಬಂತು. ಇಸವಿ ತಪ್ಪಿತು, ತಿಂಗಳು ಸರಿಯಾಯಿತು. ನೆನಪಿಡಲು ಕೊಟ್ಟ ಪದಗಳಲ್ಲಿ ಒಂದೇ ಉಳಿದಿತ್ತು. ಆಮೇಲೆ ಗಡಿಯಾರ. ಈ ಸಲವೂ ನಾನು ಪಕ್ಕದಲ್ಲೇ ಕೂತಿದ್ದೆ. ಹನ್ನೆರಡೂ ಅಂಕಿ ತಮ್ಮ ತಮ್ಮ ಜಾಗದಲ್ಲಿ ಬಂದವು. ಎರಡು ಮುಳ್ಳನ್ನೂ ಒಂದೇ ಉದ್ದ ಎಳೆದು, ಒಂದನ್ನು ಐದಕ್ಕೆ, ಇನ್ನೊಂದನ್ನು ಹತ್ತಕ್ಕೆ ಇಟ್ಟರು. ಹಾಳೆ ತಳ್ಳಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಸುಮಾರು ಹೊತ್ತು ಅದನ್ನೇ ನೋಡಿದರು. ಹತ್ತರ ಮೇಲಿನ ಮುಳ್ಳಿನ ಮೇಲೆ ಬೆರಳಿಟ್ಟು, "ಇದು ತಪ್ಪು. ರಬ್ಬರ್ ಕೊಡಮ್ಮ" ಅಂದರು.